ಮೈಯಲ್ಲಿ ಅಡಗಿದ ವೈರಸ್ ಮತ್ತು ಕೀಲುಬೇನೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಆರೋಗ್ಯ ಮತ್ತು ರೋಗಗಳ ಪಾಠ ಓದುವಾಗ, ಸ್ವಯಂ ಪ್ರತಿರಕ್ಷಣಾ ರೋಗಕ್ಕೆ ಉದಾಹರಣೆಯಾಗಿ ರುಮಟಾಯ್ಡ್ ಸಂಧಿವಾತದ ಹೆಸರು ಬರುತ್ತದೆ. ಪಾಠದಲ್ಲಿ ಅದಕ್ಕೆ ಸಿಗುವುದು ಕೆಲವೇ ಸಾಲು. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ಹೊಲಗಳಲ್ಲಿ ಹೂವಿಗೆ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು ಬೆರಳುಗಳನ್ನು ನಂಬಿಯೇ ದುಡಿಯುವವರು. ಈ ರೋಗ ಹೆಚ್ಚಾಗಿ ಮೊದಲು ಹಿಡಿಯುವುದು ಕೈಕಾಲಿನ ಸಣ್ಣ ಕೀಲುಗಳನ್ನೇ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಸುಪ್ತ ಸೋಂಕು ಎಂದರೇನು?

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದು ಹೋದ ಕೆಲವರಿಗೆ ವಯಸ್ಸಾದ ಮೇಲೆ ಸರ್ಪಸುತ್ತು ಏಳುತ್ತದೆ. ಎರಡಕ್ಕೂ ಕಾರಣ ಒಂದೇ ವೈರಸ್. ಗುಳ್ಳೆ ಮಾಯವಾದರೂ ಅದು ನರಕೋಶಗಳಲ್ಲಿ ಉಳಿದಿದ್ದು, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಎಚ್ಚರಗೊಳ್ಳುತ್ತದೆ. ಹೀಗೆ ಅಡಗಿ ಕೂರುವುದೇ ಸುಪ್ತ ಸೋಂಕು. ಇದೇ ಹರ್ಪಿಸ್ ಕುಟುಂಬಕ್ಕೆ ಸೇರಿದ ಎಪ್‌ಸ್ಟೈನ್-ಬಾರ್ ವೈರಸ್ 1964ರಲ್ಲಿ ಪತ್ತೆಯಾಯಿತು. ವಯಸ್ಕರಲ್ಲಿ 90%ಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಇದೆ. ಅಡಗುವ ಜಾಗ ಬಿ-ಲಿಂಫೋಸೈಟ್, ಅಂದರೆ ಪ್ರತಿಕಾಯ ತಯಾರಿಕೆಗೆ ಮೂಲವಾದ ಕೋಶ.

ಕೀಲಿಗೂ ವೈರಸ್ಸಿಗೂ ಏನು ಸಂಬಂಧ?

ಈ ಸಂಧಿವಾತದಲ್ಲಿ ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಕೀಲಿನ ಒಳಪೊರೆ ಊದುತ್ತದೆ, ಮೂಳೆ ಸವೆಯುತ್ತದೆ. ವಿಜ್ಞಾನಿಗಳು ಮುಖ್ಯವಾಗಿ ಎರಡು ದಾರಿಗಳನ್ನು ಶಂಕಿಸುತ್ತಾರೆ. ಒಂದು, ಹೋಲಿಕೆ. ಈ ವೈರಸ್ಸಿನ ಒಂದು ಪ್ರೋಟೀನಿನಲ್ಲಿರುವ ಐದು ಅಮೈನೋ ಆಮ್ಲಗಳ ಸಾಲು, ರೋಗದ ಸಾಧ್ಯತೆ ಹೆಚ್ಚಿಸುವ ನಮ್ಮ ಎಚ್‌ಎಲ್‌ಎ-ಡಿಆರ್4 ಪ್ರೋಟೀನಿನಲ್ಲೂ ಇದೆ. ವೈರಿಯನ್ನು ಗುರುತಿಸಲು ಕಲಿತ ಕೋಶ ಮನೆಯವರನ್ನೇ ವೈರಿ ಎಂದುಕೊಳ್ಳಬಹುದು. ಎರಡು, ಆಶ್ರಯ. ವೈರಸ್ ಬಿ-ಕೋಶಗಳನ್ನು ಸಾಯದಂತೆ ಕಾಯುವುದರಿಂದ, ದಾರಿ ತಪ್ಪಿದ ಕೋಶಗಳೂ ಉಳಿದುಬಿಡಬಹುದು.

ಹಾಗಾದರೆ ವೈರಸ್ಸೇ ಕಾರಣವೇ? ಹಾಗೆ ಹೇಳಲಾಗದು. ವೈರಸ್ ಇರುವವರು ನೂರಕ್ಕೆ ತೊಂಬತ್ತು. ರೋಗ ಬರುವವರು ನೂರಕ್ಕೆ ಒಬ್ಬರು ಅಥವಾ ಅದಕ್ಕೂ ಕಡಿಮೆ. ರೋಗಿಗಳ ರಕ್ತದಲ್ಲಿ ಈ ವೈರಸ್ಸಿನ ಪ್ರಮಾಣ ಹೆಚ್ಚು ಕಂಡುಬಂದಿರುವುದು ನಿಜ. ಆದರೆ ರೋಗದಿಂದಲೇ ವೈರಸ್ಸಿನ ಮೇಲಿನ ಹಿಡಿತ ಸಡಿಲಗೊಂಡಿರಲೂಬಹುದು. ಜೊತೆಗಿರುವುದೆಲ್ಲ ಕಾರಣವಲ್ಲ. ವಂಶವಾಹಿ, ಧೂಮಪಾನ, ವಸಡಿನ ರೋಗ ಇವೂ ಸೇರಿ ಕೆಲಸ ಮಾಡುತ್ತವೆ.

ನಮ್ಮ ನಾಡಿನ ಪಾಠ

ವೈರಸ್ ಕೀಲನ್ನು ಹೇಗೆ ಕಾಡುತ್ತದೆ ಎಂಬುದನ್ನು ಕರ್ನಾಟಕ 2006ರಲ್ಲಿ ಕಂಡಿತು. ಆ ವರ್ಷ ರಾಜ್ಯದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಇಳಿದರೂ ಎಷ್ಟೋ ಜನರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಚಿಕೂನ್‌ಗುನ್ಯಾ ವೈರಸ್ ಹರ್ಪಿಸ್‌ನಂತೆ ಸುಪ್ತವಾಗಿ ಕೂರುವುದಿಲ್ಲ. ಆದರೂ ಅದು ಎಬ್ಬಿಸಿದ ಉರಿಯೂತ ಕೆಲವರಲ್ಲಿ ರುಮಟಾಯ್ಡ್ ಸಂಧಿವಾತದಂತೆಯೇ ಕಾಣುತ್ತದೆ.

ನಾವು ಮಾಡಬೇಕಾದುದು

ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಒಂದು ಗಂಟೆಯಾದರೂ ಮಡಚಲು ಬರುತ್ತಿಲ್ಲವೇ? ಊತ ಆರು ವಾರ ದಾಟಿದೆಯೇ? ಅದನ್ನು ವಯಸ್ಸಿನ ನೋವು ಎಂದು ಬಿಡಬೇಡಿ. ಔಷಧ ಅಂಗಡಿಯಿಂದ ನೋವಿನ ಮಾತ್ರೆ, ಸ್ಟೆರಾಯ್ಡ್ ತಂದು ನುಂಗಿಸುವುದು ರೋಗವನ್ನು ಮರೆಮಾಚುತ್ತದೆ, ತಡೆಯುವುದಿಲ್ಲ. ವೈದ್ಯರು ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಮೊದಲ ತಿಂಗಳುಗಳಲ್ಲೇ ಮೆಥೋಟ್ರೆಕ್ಸೇಟ್‌ನಂಥ ಔಷಧ ವೈದ್ಯರ ನಿಗಾದಲ್ಲಿ ಆರಂಭವಾದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಸವೆದ ಮೂಳೆ ಮರಳಿ ಮೊದಲಿನಂತಾಗದು. ಪಾಠ ಓದಿದ ನಾವು ಮನೆಯವರಿಗೆ ಇಷ್ಟನ್ನಾದರೂ ಸಮಯಕ್ಕೆ ತಿಳಿಸೋಣ.