ಅಟ್ಟದ ಮೇಲಿನ ಎರಡು ಕೊಳಗ

ಸಾಗರ
ಏಪ್ರಿಲ್ ಎರಡನೇ ವಾರ

ಚಿ. ಶಾಲ್ಮಲಾಳಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಅಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ, ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಮೊನ್ನೆ ಸಂಜೆ ಇದ್ದಕ್ಕಿದ್ದ ಹಾಗೆ ಒಂದು ಮಳೆ ಬಂತು. ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳ ಒಳಗೆ ತರುವಷ್ಟರಲ್ಲಿ ಅರ್ಧ ನೆನೆದೇ ಹೋಯಿತು. ಉಳಿದರ್ಧವನ್ನು ನಿನಗೆಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಮೂರು ದಿನದಿಂದ ತಲೆಯಲ್ಲೇ ಕೂತಿದೆ. "ಅಜ್ಜಾ, ಜೂನಲ್ಲಿ ಪ್ರಿಲಿಮ್ಸ್ ಒಂದು ಮುಗೀಲಿ, ಫಿಲಾಸಫಿ ಬಿಟ್ಟುಬಿಡ್ತೀನಿ. ಎಕನಾಮಿಕ್ಸು ಪಾಲಿಟಿಕ್ಸು ಎರಡು ಸಾಕು. ಆ ಲಾಜಿಕ್ ನನ್ನ ತಲೆಗೆ ಹತ್ತೋದೇ ಇಲ್ಲ" ಅಂದೆ. "ನಿಂಗೆ ಸರಿ ಕಂಡ ಹಾಗೆ ಮಾಡು ಮಗಾ" ಅಂದುಬಿಟ್ಟೆ ನಾನು. ಫೋನ್ ಇಟ್ಟ ಮೇಲೆ, ಅದು ನನ್ನ ಮನಸ್ಸಿನ ಮಾತಲ್ಲ ಅಂತ ಗೊತ್ತಾಯಿತು. ಮನಸ್ಸಿನಲ್ಲಿದ್ದದ್ದನ್ನು ಫೋನಿನಲ್ಲಿ ಹೇಳುವ ಶಕ್ತಿ ನನಗಿಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ. ಉದ್ದವಾದೀತು. ಬಿಡುವು ಮಾಡಿಕೊಂಡು ಓದು.

ನೀನು ಏನು ಓದುತ್ತಿದ್ದೀ ಅಂತ ಊರಿನವರು ಈಗಲೂ ಕೇಳುತ್ತಾರೆ. ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರೂ ಸೇರಿದ ಬಿಎ ಅಂದರೆ, "ಬಿಎ ಓದೋಕೆ ಅಷ್ಟು ದೂರವೇ?" ಎಂದು ಸುಮ್ಮನಾಗುತ್ತಾರೆ. ಗಿರೀಶ ಕಾರ್ನಾಡರೂ ಅದನ್ನೇ ಓದಿದ್ದು ಅಂದರೆ ಮುಖ ಅರಳುತ್ತದೆ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿಕೊಂಡಿದ್ದ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ನಿನ್ನ ಆಕ್ಸ್‌ಫರ್ಡಿಗೇ ಹೋದರು, ಅಲ್ಲಿಯ ಯೂನಿಯನ್ನಿಗೆ ಅಧ್ಯಕ್ಷರೂ ಆದರು. 1963ರಲ್ಲಿ ಓದು ಮುಗಿಸಿ ಬಂದ ಮರುವರ್ಷವೇ 'ತುಘಲಕ್' ಬಂತು. ಅಲ್ಲಿಯ ಪಾಠದಿಂದಲೇ ಆ ನಾಟಕ ಹುಟ್ಟಿತು ಎಂದು ಹೇಳಲು ನಾನು ಯಾರು? ಆದರೆ ಅರ್ಥಶಾಸ್ತ್ರದ ಮೇಷ್ಟ್ರಾಗಿ ಅದನ್ನು ಓದುವಾಗೆಲ್ಲ ಆ ತಾಮ್ರದ ನಾಣ್ಯದ ಹತ್ತಿರ ನಿಂತುಬಿಡುತ್ತೇನೆ. ತಾಮ್ರಕ್ಕೆ ಬೆಳ್ಳಿಯ ಬೆಲೆ ಇದೆಯೆಂದು ಸುಲ್ತಾನ ಸಾರುತ್ತಾನೆ. ಅದು ಹಣದ ಪ್ರಶ್ನೆ. ಸಾರುವ ಅಧಿಕಾರ ಅವನಿಗೆಲ್ಲಿಂದ ಬಂತು ಎಂಬುದು ರಾಜ್ಯದ ಪ್ರಶ್ನೆ. ಪ್ರಜೆ ಅವನನ್ನು ಯಾಕೆ ನಂಬಬೇಕು ಎಂಬುದು ಇವೆರಡಕ್ಕೂ ಕೆಳಗಿರುವ ಪ್ರಶ್ನೆ. ಒಂದು ನಾಣ್ಯದಲ್ಲಿ ಮೂರೂ ಇವೆ. ಬಿಡಿಸಿ ಇಡಲು ಬರುವುದಿಲ್ಲ.

ನಾನು ಮೂವತ್ತೆರಡು ವರ್ಷ ಪಾಠ ಹೇಳಿದ್ದು ಎಚ್‌ಇಪಿ ಮಕ್ಕಳಿಗೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮೂರು ಪೀರಿಯಡ್ಡು, ಮೂವರು ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ನಿನ್ನ ಪಾಠದಲ್ಲಿ ಇವತ್ತು ಏನಾಯಿತು ಅಂತ ಒಬ್ಬರನ್ನೊಬ್ಬರು ಕೇಳಿದ್ದು ನೆನಪಿಲ್ಲ. ತತ್ತ್ವಶಾಸ್ತ್ರಕ್ಕಂತೂ ನಮ್ಮ ಕಾಲೇಜಿನಲ್ಲಿ ಬೆಂಚೇ ಇರಲಿಲ್ಲ. ಅದು ಮೈಸೂರಿನ ಮಹಾರಾಜಾ ಕಾಲೇಜಿನವರ ಓದು. ರಾಧಾಕೃಷ್ಣನ್ ಪಾಠ ಹೇಳಿದ ಜಾಗ, ಭೈರಪ್ಪನವರು ಓದಿದ ಜಾಗ, ನಮಗಲ್ಲ ಎಂದುಕೊಂಡಿದ್ದೆವು. ನಿನ್ನ ಕೋರ್ಸಿನ ವಿಷಯ ನೀನು ಮೊದಲು ಹೇಳಿದಾಗ ನನಗೆ ಆದ ಸಂತೋಷಕ್ಕೆ ಇದೇ ಕಾರಣ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಗ್ರೀಕು ಲ್ಯಾಟಿನ್ನುಗಳ ಹಳೆಯ 'ಗ್ರೇಟ್ಸ್' ಓದಿನ ಪಕ್ಕದಲ್ಲಿ ಆಕ್ಸ್‌ಫರ್ಡಿನವರು ಈ ಕೋರ್ಸನ್ನು ಕಟ್ಟಿದರು. 'ಮಾಡರ್ನ್ ಗ್ರೇಟ್ಸ್' ಅಂತಲೇ ಕರೆದರು. ನಾಳೆ ದೇಶ ನಡೆಸುವವರು ಇಂದಿನ ಲೋಕವನ್ನೂ ಓದಿರಲಿ, ಯೋಚನೆ ಮಾಡುವುದನ್ನೂ ಕಲಿತಿರಲಿ ಎಂಬ ಆಸೆ. ಹೆರಾಲ್ಡ್ ವಿಲ್ಸನ್‌ನಿಂದ ರಿಷಿ ಸುನಕ್‌ವರೆಗೆ ಬ್ರಿಟನ್ನಿನ ಪ್ರಧಾನಿಗಳು ಎಷ್ಟೋ ಮಂದಿ, ಪಾಕಿಸ್ತಾನದ ಬೆನಜೀರ್, ಇಮ್ರಾನ್, ಬರ್ಮಾದ ಸೂ ಕಿ, ಎಲ್ಲರೂ ಆ ಬೆಂಚಿನವರೇ. ಅವರೆಲ್ಲ ಒಳ್ಳೆಯ ಆಡಳಿತ ಕೊಟ್ಟರೆಂದು ನಾನು ಹೇಳುವುದಿಲ್ಲ. ಓದು ಅಷ್ಟು ಭರವಸೆ ಕೊಡುವುದಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಇದನ್ನು ನಿನ್ನ ಅಪ್ಪನಿಗೂ ಪೂರ್ತಿ ಹೇಳಿಲ್ಲ.

ಹಳೇ ಮನೆಯ ಅಟ್ಟದ ಮೇಲೆ ಭತ್ತ ಅಳೆಯುವ ಎರಡು ಕೊಳಗ ಇದ್ದದ್ದು ನಿನಗೆ ನೆನಪಿರಬಹುದು. ಚಿಕ್ಕವಳಿದ್ದಾಗ ಒಂದನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ. ಹಲಸಿನ ಮರದವು, ಬಾಯಿಗೆ ಹಿತ್ತಾಳೆಯ ಪಟ್ಟಿ. ನೋಡಲು ಅಣ್ಣತಮ್ಮಂದಿರ ಹಾಗೆ. ಸೋಮವಾರ ನಾನು ಊರಿಗೆ ಹೋಗಿ ಎರಡನ್ನೂ ಇಳಿಸಿ ತಂದೆ, ಧೂಳು ಒರೆಸಿದೆ. ದೊಡ್ಡದರ ಒಳಮೈ ಸವೆದು ಸವೆದು ಹೊಳೆಯುತ್ತದೆ, ಕೈ ಹಾಕಿದರೆ ರೇಶಿಮೆಯ ಹಾಗೆ. ಸಣ್ಣದನ್ನು ಅಕ್ಕಿ ತುಂಬಿ ತಲೆ ಹೊಡೆದು ದೊಡ್ಡದಕ್ಕೆ ಸುರಿದೆ. ಅಕ್ಕಿ ಬಾಯಿಂದ ಮೂರು ಬೆರಳು ಕೆಳಗೇ ನಿಂತಿತು.

ಆ ಮೂರು ಬೆರಳು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಅಜ್ಜಿ ಬಂದು "ಅಕ್ಕಿ ಯಾಕೆ ಹರಡಿದ್ದು?" ಎಂದು ಕೇಳಿದ ಮೇಲೇ ಎದ್ದದ್ದು.

ಹುಡುಗನಾಗಿದ್ದಾಗ ಒಮ್ಮೆ ಅಪ್ಪಯ್ಯನನ್ನು ಕೇಳಿದ್ದೆ, ಎರಡು ಕೊಳಗ ಯಾಕೆ ಅಂತ. "ಒಂದು ಕೊಡೋದಕ್ಕೆ, ಒಂದು ತಗೊಳೋದಕ್ಕೆ" ಅಂದರು. ನನಗೆ ಉತ್ತರ ಸಿಕ್ಕಿತು, ಆಡಲು ಓಡಿದೆ. ಎರಡನೇ ಪ್ರಶ್ನೆ ಕೇಳಬೇಕು ಅನ್ನಿಸಲೇ ಇಲ್ಲ.

ಇಲ್ಲೇ ಕಾಗೋಡಿನಲ್ಲಿ 1951ರಲ್ಲಿ ಒಕ್ಕಲುಗಳು ಎದ್ದು ನಿಂತದ್ದು ಇದೇ ಕೊಳಗಕ್ಕೆ. ಗೇಣಿ ಭತ್ತವನ್ನು ಒಡೆಯರ ದೊಡ್ಡ ಕೊಳಗದಲ್ಲಿ ಅಳೆಯಬಾರದು ಎಂಬುದು ಅವರ ಮುಖ್ಯ ಬೇಡಿಕೆ. ಗಣಪತಿಯಪ್ಪನವರು ಮುಂದಾಳು, ಗೋಪಾಲಗೌಡರು ಜೊತೆಗಿದ್ದರು. ದೂರದಿಂದ ಬಂದ ಲೋಹಿಯಾ ಅವರೂ ಬಂಧನಕ್ಕೆ ಒಳಗಾದರು. ನಾನು ಹುಟ್ಟುವ ಮುಂಚಿನ ಮಾತು. ಆಮೇಲೆ 1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾನೂನು ಬಂತು. ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಫಾರಂ ನಂಬರ್ 7 ತುಂಬಿ ಕೊಟ್ಟರೆ ನ್ಯಾಯಮಂಡಳಿ ವಿಚಾರಿಸಿ ಅವನಿಗೆ ಹಕ್ಕು ಕೊಡಬೇಕಾಗಿತ್ತು.

ನಮ್ಮ ಒಂದೂವರೆ ಎಕರೆ ಗದ್ದೆಗೆ ಕೆರಿಯಪ್ಪನವರು ಫಾರಂ ಹಾಕಿದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಆಗ ನಮ್ಮ ಮನೆಯಲ್ಲಿ ಎಳೆಯ ಮಕ್ಕಳೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದದ್ದು. ಈಗ 'ಅವರು' ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಹಾಗೆ ಇತ್ತು ಅಭ್ಯಾಸ. ಅವರ ಅಪ್ಪನ ಕಾಲದಿಂದ ಆ ಗದ್ದೆ ಅವರದೇ ಸಾಗುವಳಿ. ಆದರೆ ಪಹಣಿಯ ಸಾಗುವಳಿ ಕಾಲಮ್ಮಿನಲ್ಲಿ ಅಪ್ಪಯ್ಯ 'ಸ್ವಂತ' ಎಂದು ಬರೆಸಿಟ್ಟಿದ್ದರು. ನ್ಯಾಯಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಅಕ್ಷರ ಬಾರದ ಗೇಣಿದಾರ ಮಾತುಗಾರಿಕೆಗೆ ಸೋಲಬಾರದು ಅಂತಲೇ ಆ ಕಟ್ಟಳೆ ಇಟ್ಟದ್ದು. ನಮ್ಮ ಮನೆಯಿಂದ ವಕೀಲನ ಕೆಲಸ ನಾನು ಮಾಡಿದೆ. ಬಿಎ ಕೊನೇ ವರ್ಷ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಪಹಣಿ ತೋರಿಸಿ, ಇವನು ಕೂಲಿ ಆಳು, ಗೇಣಿ ಎನ್ನುವುದು ಎಂದೂ ಇರಲಿಲ್ಲ ಎಂದು ಹೇಳಿದೆ. ಕೆರಿಯಪ್ಪನವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ನನ್ನ ಕಡೆ ನೋಡಿದರು. "ಸಣ್ಣೊಡೇರೇ ಹಿಂಗಂದ್ರೆ ನಾನೇನು ಹೇಳ್ಲಿ" ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಅರ್ಜಿ ವಜಾ ಆಯಿತು.

ಅದೇ ವರ್ಷದ ಪರೀಕ್ಷೆಯಲ್ಲಿ ರಿಕಾರ್ಡೋನ ಗೇಣಿ ಸಿದ್ಧಾಂತ ಬಂದಿತ್ತು. ಆರು ಪುಟ ಬರೆದೆ, ನಕ್ಷೆ ಸಮೇತ. ಒಳ್ಳೆಯ ಭೂಮಿಯ ಇಳುವರಿ, ಕೊನೆಯಂಚಿನ ಭೂಮಿಯ ಇಳುವರಿ, ಎರಡರ ನಡುವಿನ ವ್ಯತ್ಯಾಸವೇ ಗೇಣಿ. ಫಸ್ಟ್ ಕ್ಲಾಸ್ ಬಂತು. ಕಾನೂನಿನ ಕಲಮು ಬಾಯಿಪಾಠ ಇತ್ತು, ಗೇಣಿಯ ಸಿದ್ಧಾಂತ ಬಾಯಿಪಾಠ ಇತ್ತು. ಪುಸ್ತಕದ ಗೇಣಿಯೂ ಕೆರಿಯಪ್ಪನವರು ಅಳೆದು ಕೊಟ್ಟ ಗೇಣಿಯೂ ಒಂದೇ ಪದ ಅಂತ ನನಗೆ ಹೊಳೆಯಲಿಲ್ಲ. ಅಪ್ಪಯ್ಯ ಹೆದರಿಸಿದರು, ವಯಸ್ಸು ಚಿಕ್ಕದು ಎಂದೆಲ್ಲ ಹೇಳಬಹುದು. ಹೆದರಿಸಿರಲಿಲ್ಲ. ನನಗೇ ಅದು ಸರಿ ಅನ್ನಿಸಿತ್ತು, ಮನೆಯ ಆಸ್ತಿ ಉಳಿಸುವುದು ಮಗನ ಕೆಲಸ ಎಂದು. ತತ್ತ್ವಶಾಸ್ತ್ರ ಓದಿದವರೆಲ್ಲ ಸತ್ಯ ಹೇಳುತ್ತಾರೆ ಎಂದಲ್ಲ ಮಗಾ. ಆದರೆ ನನಗೆ ಸರಿ ಅನ್ನಿಸಿದ್ದು ಯಾಕೆ ಸರಿ ಅಂತ ಯಾರೂ ನನ್ನನ್ನು ಕೂರಿಸಿ ಕೇಳಿರಲಿಲ್ಲ. ಹಾಗೆ ಕೇಳುವುದೂ ಒಂದು ಓದು ಎಂದೇ ಗೊತ್ತಿರಲಿಲ್ಲ.

ನಿನ್ನನ್ನು ವಾರವಾರ ಕೇಳುತ್ತಾರೆ. ಅಕ್ಟೋಬರಿನಲ್ಲಿ ನೀನು ಅಳುತ್ತಾ ಫೋನ್ ಮಾಡಿದ್ದು ಮರೆತಿಲ್ಲ. ರಾತ್ರಿ ಮೂರರವರೆಗೆ ಕೂತು ಬರೆದ ಪ್ರಬಂಧವನ್ನು ಬೆಳಿಗ್ಗೆ ಟ್ಯುಟೋರಿಯಲ್‌ನಲ್ಲಿ ಮೇಡಂ ಎರಡನೇ ವಾಕ್ಯದಲ್ಲೇ ನಿಲ್ಲಿಸಿ, "ಈ 'ಆದ್ದರಿಂದ' ಎಲ್ಲಿಂದ ಬಂತು?" ಎಂದರಂತೆ. ಗಂಟೆಯೆಲ್ಲ ಅದರಲ್ಲೇ ಹೋಯಿತಂತೆ. ಅವತ್ತು ನನಗೂ ಅಯ್ಯೋ ಅನ್ನಿಸಿತ್ತು. ಈಗ ಅನ್ನಿಸುವುದು ಬೇರೆ. ಆ ನ್ಯಾಯಮಂಡಳಿಯ ದಿನ ನನ್ನ ಮಾತನ್ನು ಯಾರಾದರೂ ಹಾಗೆ ಹಿಡಿದು ನಿಲ್ಲಿಸಿದ್ದರೆ? ಪಹಣಿಯಲ್ಲಿ 'ಸ್ವಂತ' ಎಂದಿದೆ, ಆದ್ದರಿಂದ ಇವನು ಕೂಲಿ. ಆ 'ಆದ್ದರಿಂದ' ಎಲ್ಲಿಂದ ಬಂತು? ನಿನ್ನ ತಲೆಗೆ ಹತ್ತದ ಲಾಜಿಕ್ ಅಂದರೆ ಇದೇ ಅಲ್ಲವೇ?

ಈ ಟರ್ಮಿನಲ್ಲಿ ಮಿಲ್ ಓದಬೇಕು ಅಂದೆಯಲ್ಲ, ಆ ಮನುಷ್ಯನನ್ನೇ ನೋಡು. 1848ರಲ್ಲಿ ಅರ್ಥಶಾಸ್ತ್ರದ ದೊಡ್ಡ ಪುಸ್ತಕ ಬರೆದ. 1861ರಲ್ಲಿ, ನೀನು ಈಗ ಗುದ್ದಾಡುತ್ತಿರುವ 'ಯುಟಿಲಿಟೇರಿಯನಿಸಂ'. 1865ರಿಂದ ಮೂರು ವರ್ಷ ಪಾರ್ಲಿಮೆಂಟಿನಲ್ಲಿ ಕೂತು ಹೆಂಗಸರಿಗೂ ಮತ ಬೇಕೆಂದು ವಾದಿಸಿದ. ನಿನ್ನ ಮೂರೂ ವಿಷಯ ಒಬ್ಬನ ತಲೆಯೊಳಗೇ ಇದ್ದವು. ಇನ್ನೊಂದೂ ಹೇಳಬೇಕು. ಅವನು ಮೂವತ್ತೈದು ವರ್ಷ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಕೂತು ನಮ್ಮ ದೇಶದ ಕಾಗದಪತ್ರ ನೋಡಿದ. ಅವನಪ್ಪ ಜೇಮ್ಸ್ ಮಿಲ್ ಕೂಡ ಅಲ್ಲೇ ಇದ್ದವನು, ರಿಕಾರ್ಡೋನ ಗೇಣಿ ಸಿದ್ಧಾಂತ ಹಿಡಿದು ನಮ್ಮ ರೈತ ಎಷ್ಟು ಕಂದಾಯ ಕೊಡಬೇಕು ಎಂದು ಹೇಳಿದವನು. ಇಬ್ಬರೂ ಒಮ್ಮೆಯೂ ಇಲ್ಲಿಗೆ ಬಂದು ನೋಡಲಿಲ್ಲ. ಇದನ್ನು ನಿಮ್ಮ ಮೇಡಂ ಹತ್ತಿರ ಎತ್ತು. ನೀನು ಎತ್ತದಿದ್ದರೆ ಆ ಕೋಣೆಯಲ್ಲಿ ಇನ್ಯಾರು ಎತ್ತಬೇಕು?

ಅಮರ್ತ್ಯ ಸೇನ್ ಅವರನ್ನೂ ಓದುವೆಯಲ್ಲ. 1943ರ ಬಂಗಾಳದ ಬರಗಾಲವನ್ನು ಒಂಬತ್ತು ವರ್ಷದ ಹುಡುಗನಾಗಿ ಕಣ್ಣಾರೆ ಕಂಡವರು. 1981ರ ಪುಸ್ತಕದಲ್ಲಿ ಅವರು ಊರಲ್ಲಿ ಎಷ್ಟು ಅಕ್ಕಿ ಇತ್ತು ಎಂಬಲ್ಲಿಗೇ ಲೆಕ್ಕ ನಿಲ್ಲಿಸಲಿಲ್ಲ, ಆ ಅಕ್ಕಿಯ ಮೇಲೆ ಯಾರಿಗೆ ಹಕ್ಕು ಇತ್ತು ಎಂದು ಕೇಳಿದರು. ನನ್ನ ಕೊಳಗ ಮತ್ತೆ ನೆನಪಾಗುತ್ತದೆ. ಭತ್ತ ಎಷ್ಟು ಅಂತ ಹೇಳುವುದಕ್ಕೆ ಅರ್ಥಶಾಸ್ತ್ರ ಸಾಕು. ಕೊಳಗದ ಅಳತೆ ಯಾರು ಇಟ್ಟರು, ಅದು ನ್ಯಾಯವೇ ಎಂದು ಕೇಳುವುದಕ್ಕೆ ಉಳಿದದ್ದೂ ಬೇಕು.

ಅದಕ್ಕೇ ಕೇಳಿಕೊಳ್ಳುತ್ತೇನೆ, ಫಿಲಾಸಫಿ ಬಿಡಬೇಡ. ಮೂರನ್ನೂ ಇಟ್ಟುಕೊಂಡರೆ ಕೆಲಸ ಹೆಚ್ಚು, ಗೊತ್ತು. ನಿಮ್ಮಲ್ಲಿ ಎರಡಕ್ಕೆ ಇಳಿಯಲು ಬಿಡುತ್ತಾರೆ, ನಿನ್ನ ಗೆಳತಿಯರೂ ಇಳಿಯುತ್ತಿದ್ದಾರೆ, ಅದೂ ಗೊತ್ತು. ಲಾಜಿಕ್ಕನ್ನು ರಾತ್ರಿ ಇಟ್ಟುಕೊಳ್ಳಬೇಡ. ಬೆಳಿಗ್ಗೆ ಎದ್ದು, ಫೋನ್ ಮುಟ್ಟುವ ಮುಂಚೆ, ಎರಡೇ ಲೆಕ್ಕ ಮಾಡು. ಗಣಿತ ನಿನಗೆ ಹತ್ತಿದ್ದೂ ಹಾಗೇ, ಏಳನೇ ಕ್ಲಾಸಿನಲ್ಲಿ, ನಮ್ಮ ಜಗಲಿಯ ಮೇಲೆ. ಇಷ್ಟಾಗಿಯೂ ಬಿಡಲೇಬೇಕು ಅನ್ನಿಸಿದರೆ ಬಿಡು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಕಷ್ಟ ಅಂತ ಮಾತ್ರ ಬಿಡಬೇಡ.

ಒಂದು ಮಾತು ಉಳಿಯಿತು. ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆ ಗದ್ದೆ ಈಗ ಅಡಿಕೆ ತೋಟ. ನಿನ್ನ ಫೀಸಿಗೆ ನಾನು ಕಳಿಸಿದ ಹಣದಲ್ಲಿ ಆ ತೋಟದ ಅಡಿಕೆಯದೂ ಸೇರಿದೆ. ನಿನ್ನ ಮನಸ್ಸಿಗೆ ಭಾರವಾಗಲಿ ಎಂದು ಹೇಳುತ್ತಿಲ್ಲ. ಗೊತ್ತಿಲ್ಲದೆ ಇರಬಾರದು ಎಂದು ಹೇಳುತ್ತಿದ್ದೇನೆ. ಕೆರಿಯಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಆಗ ಊರಿಗೆ ಹೋಗಿದ್ದೆ, ಅವರ ಮನೆಯ ಹೆಬ್ಬಾಗಿಲವರೆಗೆ ನಡೆದು ತಿರುಗಿ ಬಂದೆ. ಅವರ ಮಗ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾನೆ. ನೀನು ಜುಲೈಯಲ್ಲಿ ಬಂದಾಗ ಇಬ್ಬರೂ ಅವನ ಮನೆಗೆ ಹೋಗಿ ಬರೋಣ ಅಂತ ನನ್ನ ಮನಸ್ಸಿನಲ್ಲಿದೆ. ಏನು ಹೇಳಬೇಕು, ಏನು ಕೊಡಬೇಕು ಎಂಬುದು ಇನ್ನೂ ಗೊತ್ತಾಗಿಲ್ಲ. ನಿನ್ನ ಹತ್ತಿರ ಕೇಳಿ ತೀರ್ಮಾನಿಸಬೇಕು ಅಂತಿದ್ದೇನೆ.

ಪರೀಕ್ಷೆಗೆ ಕೋಟಿಗೆ ಹೂ ಸಿಕ್ಕಿಸಿಕೊಂಡು ಹೋಗುವುದು ನಿಮ್ಮಲ್ಲಿ ಪದ್ಧತಿ, ಮೊದಲ ದಿನ ಬಿಳಿಯದು, ಕೊನೆಯ ದಿನ ಕೆಂಪು ಎಂದಿದ್ದೆಯಲ್ಲ, ಅಜ್ಜಿಗೆ ಹೇಳಿದೆ. ಸೇವಂತಿಗೆಯಾ ಅಂದಳು. ಕಾರ್ನೇಶನ್ ಅಂತೆ ಅಂದೆ. ಯಾವುದಾದರೂ ಆಗಲಿ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಲಿ ಎನ್ನುತ್ತಾಳೆ. ಹಪ್ಪಳ, ಚಟ್ನಿಪುಡಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಈ ವಾರವೇ ಕಳಿಸುತ್ತೇವೆ. ಬಾಟಲಿ ಸೋರಿದರೆ ತಕ್ಷಣ ತಿಳಿಸು.

ನಿನ್ನ ಪ್ರೀತಿಯ
ಅಜ್ಜ