ಪ್ರಗತಿಪತ್ರದಲ್ಲಿ ಒಂದು ವಾಕ್ಯ ಬರೆ

ಪ್ರೀತಿಯ ತಮ್ಮಾ,

ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದೀಯ, ಸಂತೋಷ. ಪಾಠ ಹೇಗೆ ಮಾಡಬೇಕೆಂದು ಬುದ್ಧಿ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ; ನಾನು ಪ್ರಗತಿಪತ್ರದ ವಿಷಯ ಮಾತ್ರ ಬರೆಯುತ್ತೇನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಮಾಡುತ್ತೀಯ. ಸ್ಟಾಫ್ ರೂಮಿನ ಮಾತಿನಲ್ಲಿ ನಾಲ್ಕು ಎಫ್‌ಎ, ಎರಡು ಎಸ್‌ಎ. ಚಟುವಟಿಕೆ, ಕಿರುಪರೀಕ್ಷೆ, ಪ್ರಾಜೆಕ್ಟು ಎಂದು ಇಷ್ಟೆಲ್ಲ ಅಳೆದು ತೂಗಿದ ಮೇಲೆ ಮನೆಗೆ ಹೋಗುವುದು ಏನು? ಒಂದು ಅಂಕಿ, ಒಂದು ಅಕ್ಷರ, ಕೆಳಗೆ ಪೋಷಕರ ಸಹಿಗೊಂದು ಗೆರೆ. ಮಗುವಿಗೆ ಯಾವುದು ಬಂದಿದೆ, ಯಾವುದು ಬಂದಿಲ್ಲ, ಮನೆಯವರು ಏನು ಮಾಡಬಹುದು ಎಂಬ ಮೂರರಲ್ಲಿ ಒಂದಕ್ಕೂ ಆ ಹಾಳೆಯಲ್ಲಿ ಉತ್ತರವಿಲ್ಲ.

‘ಬಿ’ ಎಂಬ ಅಕ್ಷರವನ್ನೇ ತಗೋ. ಕೆಳಗಿನ ತರಗತಿಗಳ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಪದ್ಧತಿಯಲ್ಲಿ 30ರಿಂದ 49 ಬಂದವರಿಗೆ ಬಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಬಿ ಬೇಕಾದರೆ 60ರಿಂದ 69 ಬರಬೇಕು. ಸಿಸಿಇಯಲ್ಲಿ 32 ತೆಗೆದ ಹುಡುಗಿಗೂ 48 ತೆಗೆದ ಹುಡುಗಿಗೂ ಒಂದೇ ಅಕ್ಷರ. ‘ಬಿ ಬಂದಿದೆ, ಪರವಾಗಿಲ್ಲ’ ಎಂದು ಅವರವರ ತಾಯಂದಿರು ಸಮಾಧಾನಪಟ್ಟರೆ ತಪ್ಪು ಅವರದಲ್ಲ. ಇದರ ಮೇಲೆ ಆಂತರಿಕ ಅಂಕಗಳ ಔದಾರ್ಯ ಬೇರೆ. ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಗೆ 125ರಲ್ಲಿ 25, ಮಿಕ್ಕ ವಿಷಯಗಳಿಗೆ 100ರಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇದೆ. ಈ ಅಂಕಗಳನ್ನು ತರಗತಿಯ ಮುಕ್ಕಾಲು ಪಾಲಿಗೆ ಧಾರಾಳವಾಗಿ ಹಂಚಿಬಿಟ್ಟರೆ ಅದು ಮೌಲ್ಯಮಾಪನವಲ್ಲ, ಪ್ರಸಾದ ವಿನಿಯೋಗ. ಇದರ ಫಲ ಎಲ್ಲಿ ಕಾಣುತ್ತದೆ ಗೊತ್ತೆ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ನಕಲು, ಪ್ರಶ್ನೆಪತ್ರಿಕೆ, ಪಾಠ ಎಂದು ಕಾರಣ ಏನೇ ಹೇಳಲಿ, ನನ್ನ ಪ್ರಶ್ನೆ ಬೇರೆ: ಫೇಲಾದ ಆ ಮಕ್ಕಳ ಮನೆಗಳಿಗೂ ವರ್ಷ ವರ್ಷ ಪ್ರಗತಿಪತ್ರ ಹೋಗಿತ್ತಲ್ಲ, ಅದು ಯಾಕೆ ಮೊದಲೇ ಎಚ್ಚರಿಸಲಿಲ್ಲ?

ಹಾಗಾದರೆ ಏನು ಮಾಡಲಿ ಎಂದು ಕೇಳುತ್ತೀಯ. ಅಂಕಿಯ ಪಕ್ಕದಲ್ಲಿ ಒಂದು ವಾಕ್ಯ ಬರೆ. ‘ಪ್ರಗತಿ ಸಾಧಾರಣ’, ‘ಇನ್ನೂ ಶ್ರಮ ಬೇಕು’ ಎಂಬ ರಬ್ಬರ್ ಸ್ಟ್ಯಾಂಪಿನ ಮಾತು ಬೇಡ. ‘ಸೂತ್ರ ಬಾಯಿಗೆ ಬರುತ್ತದೆ, ಆದರೆ ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಸಮೀಕರಣವಾಗಿ ಬರೆಯಲು ತಡವರಿಸುತ್ತಾಳೆ, ದಿನಕ್ಕೆ ಎರಡು ಲೆಕ್ಕ ಜೋರಾಗಿ ಓದಿಸಿ, ಏನು ಕೇಳಿದ್ದಾರೆಂದು ಹೇಳಿಸಿ’ ಎಂದು ಬರೆ. ಲೆಕ್ಕ ಬಾರದ ತಾಯಿಯೂ ಇದನ್ನು ಮಾಡಿಸಬಹುದು. ಇದು ನನ್ನ ಕಲ್ಪನೆಯ ಮಾತಲ್ಲ. ಇಸ್ರೇಲಿನ ಶಾಲೆಗಳಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಮತ್ತೆ ಕೆಲವರಿಗೆ ಎರಡೂ ಕೊಟ್ಟರು. ಸುಧಾರಿಸಿದವರು ಟಿಪ್ಪಣಿ ಮಾತ್ರ ಸಿಕ್ಕಿದವರು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಲಾಭವಾಗಲಿಲ್ಲ. ಅಂಕ ಕಂಡ ಕೂಡಲೇ ಕಣ್ಣು ಅಲ್ಲೇ ನಿಂತುಬಿಡುತ್ತದೇನೋ! ಹಾಗಾಗಿ ಎಫ್‌ಎ ಉತ್ತರಪತ್ರಿಕೆಯನ್ನು ಮೊದಲು ಟಿಪ್ಪಣಿಯೊಂದಿಗೆ ಮಾತ್ರ ಕೊಡು, ತಿದ್ದಿಕೊಂಡು ಬರಲಿ; ಅಂಕ ಒಂದು ವಾರ ತಡವಾಗಿ ತಿಳಿದರೆ ಯಾರ ಗಂಟೂ ಹೋಗುವುದಿಲ್ಲ. ಪ್ರಗತಿಪತ್ರದಲ್ಲಿ ಅಂಕಿ ಬಿಡಲಾಗದು ನಿಜ. ಆದರೆ ಆ ಹೊತ್ತಿಗೆ ಟಿಪ್ಪಣಿ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಒಂದೊಂದು ಸೆಕ್ಷನ್ನಿನಲ್ಲಿ ಅರವತ್ತು ಮಕ್ಕಳು, ಜೊತೆಗೆ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಅಂಕ ತುಂಬುವುದು, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ. ವಾಕ್ಯ ಬರೆಯಲು ಸಮಯವೆಲ್ಲಿ ಎನ್ನುತ್ತೀಯ. ಈ ಆಕ್ಷೇಪ ಪೂರ್ತಿ ನ್ಯಾಯವಾದದ್ದು, ತಳ್ಳಿಹಾಕಲಾರೆ. ಎಲ್ಲರಿಗೂ ಪ್ರತಿಸಲ ಬರೆಯಬೇಡ. ಒಂದು ಎಫ್‌ಎಗೆ ಹದಿನೈದು ಮಕ್ಕಳಂತೆ ಹಿಡಿದರೆ ನಾಲ್ಕು ಎಫ್‌ಎ ಮುಗಿಯುವಷ್ಟರಲ್ಲಿ ಅರವತ್ತೂ ಆಗುತ್ತದೆ. ತೀರ ಹಿಂದೆ ಬಿದ್ದವರಿಂದ ಶುರುಮಾಡು. ಪೋಷಕರಿಗೆ ಓದಲು ಬರುವುದಿಲ್ಲ ಎಂಬುದು ಇನ್ನೊಂದು ಮಾತು. ‘ಬಿ+’ ಎಂಬುದನ್ನು ಮಾತ್ರ ಅವರು ಓದಿಕೊಳ್ಳುತ್ತಾರೆಯೇ? ವಾಕ್ಯವಾದರೆ ಮಗುವೇ ಓದಿ ಹೇಳಬಹುದು, ಪೋಷಕರ ಸಭೆಯಲ್ಲಿ ನೀನೂ ಬಾಯಲ್ಲಿ ಹೇಳಬಹುದು. ಆದರೆ ಆ ಸಭೆಯಲ್ಲಿ ಎಲ್ಲರೆದುರು ಅಂಕ ಓದುವ ಚಾಳಿಯಿದೆಯಲ್ಲ, ಅದನ್ನು ದಯವಿಟ್ಟು ಕಲಿಯಬೇಡ. ಕಡಿಮೆ ಅಂಕದ ಮಗುವಿನ ಅಪ್ಪ ಮುಂದಿನ ಸಭೆಗೆ ಬರುವುದಿಲ್ಲ.

ನಿಜ ಬರೆದರೆ ಮನೆಯಲ್ಲಿ ಏಟು ಬೀಳುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಏಟು ಬೀಳುವುದು ಸಾಮಾನ್ಯವಾಗಿ ಬರಿಯ ಅಂಕಿಗೆ, ಏಕೆಂದರೆ ಅಪ್ಪನಿಗೆ ಬೇರೆ ದಾರಿ ತೋರುವುದಿಲ್ಲ. ಮಾಡಲು ಒಂದು ಕೆಲಸ ಹೇಳಿದರೆ ಕೈ ಆ ಕಡೆ ತಿರುಗುವ ಸಾಧ್ಯತೆ ಹೆಚ್ಚು. ಅದಕ್ಕೇ ಬಂದಿರುವುದನ್ನು ಮೊದಲು ಬರೆ, ಬಾರದ್ದನ್ನು ಆಮೇಲೆ, ಮಾಡಬೇಕಾದ್ದನ್ನು ಕೊನೆಗೆ.

ದಸರಾ ರಜೆಗೆ ಮುಂಚೆ ಎಸ್‌ಎ-1 ಮುಗಿಯುತ್ತದೆ. ರಜೆಗೆ ಹೊರಡುವ ಮೊದಲು ಹದಿನೈದು ಮಕ್ಕಳಿಗೆ ಬರೆದು, ಅದರಲ್ಲಿ ಒಂದೆರಡು ವಾಕ್ಯ, ಹೆಸರು ತೆಗೆದು, ನನಗೂ ಕಳಿಸು.

ಇಂತಿ,
ನಿನ್ನ ಹಿರಿಯ