ಜೀವವಿಜ್ಞಾನಕ್ಕೊಂದು ಸಾಮೂಹಿಕ ಗಣಕಶಾಲೆ

ಮಾನವನ ಡಿ.ಎನ್.ಎ.ಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಮಹಾಗ್ರಂಥವೆಂದು ಭಾವಿಸೋಣ. ಅದರ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದನ್ನು ಓದುವ ಯಂತ್ರಗಳಲ್ಲಿ ಬಹು ಬಳಕೆಯಲ್ಲಿರುವಂಥವು ಒಂದು ಸಲಕ್ಕೆ ಸುಮಾರು 150 ಅಕ್ಷರಗಳ ತುಣುಕನ್ನು ಮಾತ್ರ ಓದಬಲ್ಲವು. ತಪ್ಪುಗಳನ್ನು ನಿವಾರಿಸಲು ಪ್ರತಿಯೊಂದು ಸ್ಥಾನವನ್ನೂ ಸರಾಸರಿ 30 ಸಲ ಓದುವುದು ವಾಡಿಕೆ. ಹಾಗಾದರೆ ತುಣುಕುಗಳೆಷ್ಟಾದವು? ಲೆಕ್ಕ ಹಾಕಿದರೆ 60 ಕೋಟಿ! ಇವುಗಳಲ್ಲಿ ಪ್ರತಿಯೊಂದೂ ಗ್ರಂಥದ ಯಾವ ಪುಟದ ಯಾವ ಸಾಲಿಗೆ ಸೇರಿದ್ದೆಂಬುದನ್ನು ಗುರುತಿಸಬೇಕು.

ಇದಕ್ಕೆ ಭಾರಿ ಗಣಕಯಂತ್ರಗಳೂ ಅವನ್ನು ನೋಡಿಕೊಳ್ಳುವ ತಜ್ಞರೂ ಬೇಕು. ಸಣ್ಣ ಊರಿನ ಕಾಲೇಜಿಗೆ ಇವು ಎಟುಕುವುವೇ? ಎಟುಕದಿದ್ದರೆ, ಅಲ್ಲಿಯ ಸಂಶೋಧಕರು ತಮ್ಮ ಸೀಮೆಯ ಬೆಳೆಗೆ ತಗುಲಿದ ರೋಗಾಣುವನ್ನು ತಾವೇ ಪರೀಕ್ಷಿಸಲಾರದೆ ಹೋಗುತ್ತಾರೆ. ಈ ತೊಡಕಿಗೆ ಪರಿಹಾರವೇ ಸಾಮೂಹಿಕ ಗಣಕವ್ಯವಸ್ಥೆ.

ಇದರ ಮೊದಲನೆಯ ಅಂಗ ಮಾಹಿತಿಯ ಭಂಡಾರ. ಪ್ರೋಟೀನುಗಳ ರಚನೆಯನ್ನು ಸಂಗ್ರಹಿಸುವ 'ಪ್ರೋಟೀನ್ ಡೇಟಾ ಬ್ಯಾಂಕ್' 1971ರಲ್ಲಿಯೂ, ಡಿ.ಎನ್.ಎ. ಅಕ್ಷರಮಾಲೆಗಳ 'ಜೆನ್‌ಬ್ಯಾಂಕ್' 1982ರಲ್ಲಿಯೂ ಅಮೆರಿಕದಲ್ಲಿ ಆರಂಭವಾದವು. ಇಂದು ಅಮೆರಿಕ, ಯೂರೋಪು ಮತ್ತು ಜಪಾನಿನ ಭಂಡಾರಗಳು ತಮಗೆ ಬಂದ ಅಕ್ಷರಮಾಲೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಇದರ ಫಲವೇನೆಂಬುದನ್ನು ಲೋಕವೇ ಕಂಡಿದೆ. 2020ರ ಜನವರಿಯಲ್ಲಿ ಹೊಸ ಕೊರೋನ ವೈರಸ್ಸಿನ ಸುಮಾರು 30 ಸಾವಿರ ಅಕ್ಷರಗಳು ಬಹಿರಂಗವಾದೊಡನೆ, ದೂರದೇಶಗಳ ವಿಜ್ಞಾನಿಗಳು ವೈರಸ್ಸು ಕೈಸೇರುವ ಮೊದಲೇ ಲಸಿಕೆಯ ರೂಪರೇಖೆಯನ್ನು ಸಿದ್ಧಪಡಿಸತೊಡಗಿದರು.

ಎರಡನೆಯ ಅಂಗ ಗಣನೆಯ ಸೌಲಭ್ಯ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೊಳೆತ 'ಗ್ಯಾಲಕ್ಸಿ' ಇದಕ್ಕೆ ಒಳ್ಳೆಯ ನಿದರ್ಶನ. ಅಂತರಜಾಲವುಳ್ಳ ಸಾಧಾರಣ ಕಂಪ್ಯೂಟರಿನ ಮುಂದೆ ಕುಳಿತವರು ತಮ್ಮ ಮಾಹಿತಿಯನ್ನು ಕಳುಹಿಸಿ, ಬೇಕಾದ ಸಾಧನವನ್ನು ಆರಿಸಿದರೆ ಸಾಕು. ಕೆಲಸವು ಸರದಿಯಲ್ಲಿ ನಿಂತು, ದೂರದ ಯಂತ್ರಗಳಲ್ಲಿ ನಡೆದು, ಉತ್ತರ ಮರಳುತ್ತದೆ. ಶುಲ್ಕವಿಲ್ಲ. ಯಾವ ಸಾಧನದ ಯಾವ ಆವೃತ್ತಿಯನ್ನು ಹೇಗೆ ಬಳಸಲಾಯಿತೆಂಬುದೂ ಹೆಜ್ಜೆಹೆಜ್ಜೆಗೆ ದಾಖಲಾಗುತ್ತದೆ. ಆದ್ದರಿಂದ ಬೇರೊಬ್ಬರು ಅದೇ ಲೆಕ್ಕವನ್ನು ಮತ್ತೆ ಮಾಡಿ ಸರಿತಪ್ಪುಗಳನ್ನು ನೋಡಬಹುದು. ವಿಜ್ಞಾನಕ್ಕೆ ಇದಕ್ಕಿಂತ ಹೆಚ್ಚಿನ ಉಪಕಾರವುಂಟೆ?

ಆದರೆ ಎಲ್ಲವನ್ನೂ ಎಲ್ಲರ ಮುಂದಿಡುವುದು ತರವಲ್ಲ. ರೋಗಿಯ ಡಿ.ಎನ್.ಎ. ಆತನ ಗುರುತನ್ನೂ ಬಂಧುಗಳ ಗುಟ್ಟನ್ನೂ ಬಯಲುಮಾಡಬಲ್ಲದು. ಅಂಥ ಮಾಹಿತಿಗೆ ಒಪ್ಪಿಗೆಯೂ ಕಾವಲೂ ಅವಶ್ಯ. ಇನ್ನೊಂದು ಮಾತು: ಬಳಸುವವರಿಗೆ ಶುಲ್ಕವಿಲ್ಲವೆಂದ ಮಾತ್ರಕ್ಕೆ ವ್ಯವಸ್ಥೆಗೆ ವೆಚ್ಚವಿಲ್ಲವೆಂದಲ್ಲ. ಯಂತ್ರಗಳು ಹಳತಾಗುತ್ತವೆ, ವಿದ್ಯುತ್ತು, ಸಂಬಳಗಳಿಗೆ ಹಣ ಬೇಕು. ಊರ ಕೆರೆಯ ನೀರು ಎಲ್ಲರದೂ ಹೌದು. ಹೂಳೆತ್ತುವ ಹೊಣೆಯೂ ಎಲ್ಲರದು. ಆ ಹೊಣೆಯನ್ನು ಸರಕಾರಗಳೂ ವಿದ್ಯಾಸಂಸ್ಥೆಗಳೂ ಮರೆಯದಿದ್ದರೆ, ಸಣ್ಣ ಊರಿನ ವಿದ್ಯಾರ್ಥಿಯ ಪ್ರಶ್ನೆಗೂ ಉತ್ತರ ದೊರೆತೀತು.